ಪೆಲ್ಹಾಮ್ ಬೀದಿಯ ಪಶ್ಚಿಮ ಮಗ್ಗುಲು

ಶರೀಸಳನ್ನು ಹೊರಗೆ ಹಾಕಿಸುವ ಮಾತು ಇನ್ನು ತನ್ನ ಬಾಯಿಂದ ಬರುವುದಿಲ್ಲ ಎಂದು ಲವಿನಿಯಾ ಮಾತು ಕೊಟ್ಟಾಗ ಇಬ್ಬರಿಗೂ ಹತ್ತು ವರ್ಷ. ಅಜ್ಜಿಯ ಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು, ಒಂದೇ ಬೊಲೋನಿ ಮಾಂಸದ ಸ್ಯಾಂಡ್‌ವಿಚ್ಚನ್ನು ಎರಡು ಮಾಡಿ ತಿನ್ನುತ್ತ ಕೊಟ್ಟ ಮಾತು ಅದು. ಶರೀಸಳ ತಾಯಿ ಆ ವರ್ಷ ಲವಿನಿಯಾಳ ಅಜ್ಜಿಯ ವಿಳಾಸವನ್ನು ಎರವಲು ಪಡೆದಿದ್ದಳು. ಹಿಟ್ಟು, ಸಕ್ಕರೆ, ವಿಳಾಸ, ಆ ಕೇರಿಯಲ್ಲಿ ಎರವಲು ಕೊಡದ ಸಾಮಾನಿರಲಿಲ್ಲ. ನದೀದಂಡೆಯ ಒಳ್ಳೆಯ ಶಾಲೆಗೆ ಸೇರಲು ಆ ಶಾಲೆಯ ಗಡಿಗೆರೆಯ ಈಚೆಗಿನ ವಿಳಾಸ ಬೇಕು, ಶರೀಸ್ ಮಲಗುತ್ತಿದ್ದದ್ದು ಗೆರೆಯ ಆಚೆ. ಒಂದು ದಿನ ಶಾಲಾ ಜಿಲ್ಲೆಯ ಕಚೇರಿಯ ಒಬ್ಬ ಬಂದು ಲವಿನಿಯಾಳನ್ನು ಕಾರಿಡಾರಿಗೆ ಕರೆದು, ಚಾಕಲೇಟು ಹಾಲಿನ ಡಬ್ಬಿ ಕೈಗಿಟ್ಟು, "ನಿನ್ನ ಗೆಳತಿ ರಾತ್ರಿ ಎಲ್ಲಿ ಮಲಗ್ತಾಳೆ ಪುಟ್ಟಿ?" ಎಂದು ಕೇಳಿದ. ತರಗತಿಯಲ್ಲಿ ಯಾವ ಪ್ರಶ್ನೆಗೂ ಮೊದಲು ಕೈ ಎತ್ತುವ ಹುಡುಗಿ ಅವಳು. ಉತ್ತರ ಗೊತ್ತಿತ್ತು, ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಶರೀಸಳ ಪುಸ್ತಕ, ಬಣ್ಣದ ಕಡ್ಡಿ, ಮಳೆಕೋಟು ಎಲ್ಲ ಒಂದು ದಿನಸಿ ಚೀಲಕ್ಕೆ ತುಂಬಿ, ಚೀಲವನ್ನು ಅವಳ ಕೈಗೆ ಕೊಟ್ಟು, ಬಾಗಿಲವರೆಗೆ ಕಳಿಸಿ ಬಂದರು. ಲವಿನಿಯಾ ಡಬ್ಬಿಯ ಹಾಲನ್ನು ಅಷ್ಟು ಹೊತ್ತಿಗಾಗಲೇ ಕುಡಿದು ಮುಗಿಸಿದ್ದಳು.

ಈಗ ಅವಳಿಗೆ ಮೂವತ್ತೊಂಬತ್ತು. ಹನ್ನೊಂದು ವರ್ಷದಿಂದ ಅದೇ ಜಿಲ್ಲೆಯ ಮೂವತ್ತೊಂದನೇ ನಂಬರಿನ ಹಳದಿ ಶಾಲಾ ಬಸ್ಸು ಓಡಿಸುತ್ತಾಳೆ. ಆ ಗುರುವಾರವೂ ಬೆಳಿಗ್ಗೆ ಬಸ್ಸಿನ ಸುತ್ತ ಒಂದು ಸುತ್ತು ಹಾಕಿ, ಟೈರುಗಳಿಗೆ ಬೂಟಿನಿಂದ ಒದ್ದು ನೋಡಿ, ಮಿನುಗುವ ಕೆಂಪು ದೀಪಗಳನ್ನು ಹಚ್ಚಿ ಆರಿಸಿ, ಬೇರೆ ವಾಹನಗಳನ್ನು ನಿಲ್ಲಿಸುವ ಪಕ್ಕದ ತಡೆಗೈಯನ್ನು ಚಾಚಿಸಿ ಮಡಿಸಿ, ಹೊರಟಳು. ಮೊದಲ ಸುತ್ತು ಆಲ್ಡರ್ ಗುಡ್ಡದ್ದು. ಅಲ್ಲಿಯ ಮಕ್ಕಳು ತಮಗಿಂತ ದೊಡ್ಡ ಚೆಲ್ಲೊ ವಾದ್ಯದ ಪೆಟ್ಟಿಗೆಗಳನ್ನು ಬಸ್ಸಿಗೆ ಹತ್ತಿಸಲು ಒದ್ದಾಡುತ್ತವೆ, "ಗುಡ್ ಮಾರ್ನಿಂಗ್ ಮಿಸ್ ವಿನ್ನಿ" ಎನ್ನುತ್ತವೆ. ಒಳ್ಳೆಯ ಮಕ್ಕಳು. ಅವುಗಳ ಮೇಲೆ ಸಿಟ್ಟು ಮಾಡಿಕೊಳ್ಳಲು ಅವಳು ಎಷ್ಟೋ ಸಲ ಪ್ರಯತ್ನಪಟ್ಟು ಸೋತಿದ್ದಳು. ಎರಡನೇ ಸುತ್ತು ಕೆಳಗಿನ ಟ್ಯಾನರ್ಸ್ ರೋಡ್ ಶಾಲೆಯದು. ಅದೇ ಬಸ್ಸು, ಅದೇ ಸೀಟು, ಗುಡ್ಡದ ಮಕ್ಕಳ ಮೈಯ ಬಿಸಿ ಆರುವ ಮೊದಲೇ ಕೆಳಗಿನ ಮಕ್ಕಳು ಬಂದು ಕೂರುತ್ತವೆ. ಒಂದೇ ಜಿಲ್ಲೆ, ಒಂದೇ ಶಾಲಾ ಮಂಡಳಿ, ಗೋಡೆಗೆ ಬಳಿದ ಕೆನೆಬಣ್ಣ ಕೂಡ ಒಂದೇ ಡಬ್ಬಿಯದು ಎನ್ನುತ್ತಾರೆ. ಮಗಳು ನೋಯೆಲಳ ನಾಲ್ಕನೇ ತರಗತಿಗೆ ಅಕ್ಟೋಬರಿನಿಂದ ಕಾಯಂ ಟೀಚರಿಲ್ಲ. ಬದಲಿಯವರು ಐದು ಜನ ಬಂದು ಹೋದರು. ಹೆಸರು ಕಲಿತು ಏನು ಉಪಯೋಗ ಎಂದು ನೋಯೆಲ್ ಈಗ ಎಲ್ಲರನ್ನೂ ಬರೀ "ಮಿಸ್" ಎನ್ನುತ್ತಾಳೆ. ಕಳೆದ ವಾರ ಅಡುಗೆಮನೆಯಲ್ಲಿ, ಭಿನ್ನರಾಶಿ ಅಂದರೇನು ಹೇಳು ಎಂದು ಕೇಳಿದ್ದಕ್ಕೆ, "ಅದಕ್ಕೊಂದು ಹಾಳೆ ಕೊಡ್ತಾರಮ್ಮ. ಬಣ್ಣ ಹಚ್ಚಿದ್ರೆ ಆಯ್ತು" ಎಂದಿದ್ದಳು. ಯಾವ ದೂರೂ ಇಲ್ಲದ ದನಿ. ಮಗು ಅತ್ತಿದ್ದರೆ ಲವಿನಿಯಾಳಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಪೆಲ್ಹಾಮ್ ಬೀದಿಗೆ ಬಂದಾಗ ಏಳೂಕಾಲು. ನಾಲ್ಕು ಸಾಲು ವಾಹನ ಓಡುವ ಬೀದಿ ಅದು. ಪಶ್ಚಿಮ ಮಗ್ಗುಲಲ್ಲಿ ಲವಿನಿಯಾಳ ಇಟ್ಟಿಗೆ ಕಟ್ಟಡ, ಪೂರ್ವ ಮಗ್ಗುಲಲ್ಲಿ ಶರೀಸಳ ಮನೆ. ಬಸ್ಸು ಮೊದಲು ಪಶ್ಚಿಮದ ಮಕ್ಕಳನ್ನು ಹತ್ತಿಸಿಕೊಂಡು, ಮುಂದೆ ಹೋಗಿ ಬಳಸಿ ಬಂದು ಪೂರ್ವದ ಮಕ್ಕಳನ್ನು ಹತ್ತಿಸಿಕೊಳ್ಳುತ್ತದೆ. ಹನ್ನೊಂದು ನಿಮಿಷದ ಬಳಸು. ನಾಲ್ಕು ವರ್ಷದ ಹಿಂದೆ, ತಡೆಗೈ ಚಾಚಿ ಕೆಂಪು ದೀಪ ಮಿನುಗುತ್ತಿದ್ದಾಗಲೇ ಒಂದು ಸೋಡಾ ಲಾರಿ ನಿಲ್ಲದೆ ನುಗ್ಗಿ, ರಸ್ತೆ ದಾಟುತ್ತಿದ್ದ ಶರೀಸಳ ಮಗಳು ಜನೇಯ ಬೆನ್ನುಚೀಲದ ಪಟ್ಟಿಯನ್ನು ಕನ್ನಡಿಯಿಂದ ಕಿತ್ತುಕೊಂಡು ಹೋಗಿತ್ತು. ಮಗು ಅಲ್ಲೇ ಒಂದು ಸುತ್ತು ತಿರುಗಿ ಕೂತುಬಿಟ್ಟಿತ್ತು, ಬೇರೇನೂ ಆಗಲಿಲ್ಲ. ಆ ದಿನವೇ ಲವಿನಿಯಾ ಸ್ಟಿಯರಿಂಗಿನ ಮೇಲೆ ಕಾಗದವಿಟ್ಟು, ಪೆನ್ಸಿಲಿನಲ್ಲಿ ಸಾರಿಗೆ ವಿಭಾಗದ ಅಪಾಯದ ಅರ್ಜಿ ತುಂಬಿದಳು: 'ಮಕ್ಕಳು ಪೆಲ್ಹಾಮ್ ಬೀದಿಯನ್ನು ನಡೆದು ದಾಟುವಂತಿಲ್ಲ.' ಮೂರೇ ಸಾಲು. ಬಸ್ಸು ಎರಡೂ ಮಗ್ಗುಲಲ್ಲಿ ನಿಲ್ಲಲಿ ಎಂಬುದಷ್ಟೇ ಅವಳ ಉದ್ದೇಶ. ಶರೀಸ್ ಆ ಭಾನುವಾರ ಚರ್ಚಿಗೆ ಬೆಣ್ಣೆ ಕೇಕು ತಂದು, ಎಲ್ಲರ ಮುಂದೆ ತಬ್ಬಿಕೊಂಡು, "ಇವಳು ನನ್ನ ಮಗೂನ ನಂಗೆ ವಾಪಸ್ ಕೊಟ್ಳು" ಎಂದು ಅತ್ತಿದ್ದಳು. ಎರಡು ವರ್ಷದ ಹಿಂದೆ ಬೀದಿಗೆ ಸಿಗ್ನಲ್ ದೀಪ ಬಂತು, ನೆಲಕ್ಕೆ ಬಿಳಿ ಪಟ್ಟಿ ಬಂತು, ಮಕ್ಕಳನ್ನು ದಾಟಿಸಲು ಕೈಯಲ್ಲಿ ತಟ್ಟೆಯಂಥ ಕೆಂಪು ಫಲಕ ಹಿಡಿದ ಮುದುಕ ಓಝೆಲ್ ಬಂದ. ಈಗ ಮಕ್ಕಳು ಅಂಗಡಿಗೆ, ಉದ್ಯಾನಕ್ಕೆ, ಒಬ್ಬರ ಮನೆಯಿಂದ ಒಬ್ಬರ ಮನೆಗೆ ದಿನಕ್ಕೆ ಹತ್ತು ಸಲ ದಾಟುತ್ತವೆ. ಅರ್ಜಿ ಮಾತ್ರ ಕಡತದಲ್ಲಿ ಹಾಗೇ ಇತ್ತು. ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಯಾರೂ ಹೇಳಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಶರೀಸ್ ಅವತ್ತು ಬಸ್ಸಿನ ಬಾಗಿಲಿಗೇ ಬಂದಳು. ಟ್ಯಾನರ್ಸ್ ರೋಡ್ ಶಾಲೆಯ ಅಡುಗೆಮನೆಯಲ್ಲಿ ಊಟ ಬಡಿಸುವವಳು, ತಲೆಗೆ ಆಗಲೇ ಬಲೆ ಹಾಕಿಕೊಂಡಿದ್ದಳು. ಜನೇ ಹತ್ತಿ ನೋಯೆಲಳ ಪಕ್ಕ ಹೋಗಿ ಕೂತಳು. "ಸಂಜೆ ಸಮಿತಿ ಸಭೆಗೆ ನಿನ್ ಕಾರಲ್ಲೇ ಬರ್ತೀನಿ ಕಣೇ" ಎಂದಳು ಶರೀಸ್. "ಮಾತಾಡೋ ಹಾಗಿಲ್ಲವಂತೆ ನಾವು. ಹಿಂದೆ ಕೂತು ನೋಡಬಹುದಂತೆ, ಮೃಗಾಲಯದಲ್ಲಿ ನೋಡ್ದಂಗೆ." ಲವಿನಿಯಾ ನಕ್ಕಳು. ಶರೀಸ್ ನಗಲಿಲ್ಲ. "ವಿನ್ನಿ, ನೀನು ಒಂದು ಮಾತು ಹೇಳಿದ್ರೆ ಸಾಕು. ದೀಪ ಬಂದಿದೆ, ಮಕ್ಕಳು ದಾಟ್ತಾರೆ ಅಂತ. ನಿನ್ನ ನೋಯೆಲ್‌ಗೆ ಗುಡ್ಡದ ಸ್ಕೂಲು ತಪ್ಪುತ್ತೆ ಅಂತ ನಂಗೊತ್ತು. ಇದನ್ನ ನಾನು ಕೇಳಬಾರದು. ಆದ್ರೂ ಕೇಳ್ತಿದೀನಿ ನೋಡು, ನಾಚಿಕೆ ಬಿಟ್ಟು." ಹಿಂದಿನ ಕಾರೊಂದು ಹಾರನ್ ಹೊಡೆಯಿತು. "ಹೇಳ್ತೀನಿ ಹೋಗೇ" ಎಂದಳು ಲವಿನಿಯಾ, "ಹೇಳದೆ ಏನು?" ಬಾಗಿಲು ಮುಚ್ಚಿತು. ಕನ್ನಡಿಯಲ್ಲಿ ನೋಯೆಲ್ ಮತ್ತು ಜನೇ ಒಂದೇ ಇಯರ್‌ಫೋನಿನ ಎರಡು ತುದಿಗಳನ್ನು ಹಂಚಿಕೊಂಡು ತಲೆ ಆಡಿಸುತ್ತಿದ್ದರು. ಅವಳು ಕನ್ನಡಿಯಿಂದ ಕಣ್ಣು ತೆಗೆದಳು.

ಲೆಕ್ಕ ಕಷ್ಟದ್ದೇನಲ್ಲ, ಶಾಲೆಗಳ ಗಡಿಗೆರೆ ಹೊಸದಾಗಿ ಎಳೆಯಲು ಮಂಡಳಿ ಮಾಡಿದ, ಲವಿನಿಯಾಳೂ ಒಬ್ಬ ಸದಸ್ಯೆಯಾದ ಸಮಿತಿಯಲ್ಲಿ ಐದು ತಿಂಗಳಿನಿಂದ ಅದನ್ನೇ ಗೋಡೆಯ ಮೇಲೆ ಬೆಳಕಿನಲ್ಲಿ ತೋರಿಸುತ್ತಿದ್ದರು. ಆಲ್ಡರ್ ಗುಡ್ಡದ ಶಾಲೆಯಲ್ಲಿ ನಲವತ್ತಮೂರು ಜಾಗ ಖಾಲಿ ಇವೆ. ಪೆಲ್ಹಾಮ್‌ನ ಪಶ್ಚಿಮ ಮಗ್ಗುಲಲ್ಲಿ ಮೂವತ್ತೆಂಟು ಮಕ್ಕಳು, ಎರಡೂ ಮಗ್ಗುಲು ಸೇರಿದರೆ ತೊಂಬತ್ತೊಂದು, ಅಷ್ಟು ಮಕ್ಕಳು ಅಲ್ಲಿ ಹಿಡಿಸುವುದಿಲ್ಲ. ನಡೆದು ದಾಟಬಹುದಾದ ಬೀದಿಯ ಎರಡು ಮಗ್ಗುಲನ್ನು ಒಡೆಯಬಾರದೆಂಬುದು ಮಂಡಳಿಯ ನಿಯಮ. ದಾಟಲಾಗದ ಬೀದಿಯಾದರೆ ಅದೇ ಗೋಡೆ, ಅಲ್ಲಿ ಗೆರೆ ಎಳೆಯಬಹುದು. ಎಳೆದರೆ ಪಶ್ಚಿಮದವರು ಗುಡ್ಡಕ್ಕೆ. ಟ್ಯಾನರ್ಸ್ ರೋಡಿನ ಮಕ್ಕಳ ಸಂಖ್ಯೆ ಇನ್ನೂರ ಎಪ್ಪತ್ತೈದಕ್ಕಿಂತ ಕೆಳಗೆ ಇಳಿಯುತ್ತದೆ, ಇಳಿದರೆ ಶಾಲೆ ಮುಚ್ಚುವ ಪಟ್ಟಿಗೆ ಸೇರುತ್ತದೆ. ಎರಡು ವರ್ಷದಲ್ಲಿ ಪೂರ್ವದ ಮಕ್ಕಳು ಐವತ್ತು ನಿಮಿಷ ಬಸ್ಸಿನಲ್ಲಿ ಕೂತು ನದಿಯಾಚೆಯ ಶಾಲೆಗೆ, ಶರೀಸ್ ಕೆಲಸ ಕಳೆದುಕೊಂಡು ಮನೆಗೆ. ಗುಡ್ಡದ ಮಕ್ಕಳಲ್ಲಿ ಕೆಲವರನ್ನು ಕೆಳಗೆ ಕಳಿಸಿ ಎರಡೂ ಶಾಲೆ ಸಮ ಮಾಡುವ ನಕ್ಷೆಯೂ ಒಂದಿತ್ತು. ಅದು ಎರಡನೇ ಸಭೆಯಲ್ಲೇ ಸತ್ತಿತು. ಹಳದಿ ಅಂಗಿ ತೊಟ್ಟ ಗುಡ್ಡದ ನಾನೂರು ತಂದೆತಾಯಿಗಳು ವ್ಯಾಯಾಮಶಾಲೆಯಲ್ಲಿ ತುಂಬಿ, ತಮಗೆ ಸಮಾನತೆ ಬಹಳ ಪ್ರಿಯವಾದದ್ದೆಂದು ಒಬ್ಬೊಬ್ಬರಾಗಿ ಎರಡೆರಡು ನಿಮಿಷ ಹೇಳಿ ಅದನ್ನು ಕೊಂದರು. ತನ್ನ ಮೂರು ಸಾಲಿನ ಪೆನ್ಸಿಲ್ ಬರಹ ನಕ್ಷೆಯ ಮೇಲೆ ಕಪ್ಪು ದಪ್ಪ ಗೆರೆಯಾಗಿ ಮೂಡಿದ್ದನ್ನು ಲವಿನಿಯಾ ಮೊದಲು ನೋಡಿದ್ದು ಮೂರನೇ ಸಭೆಯಲ್ಲಿ. ಆ ದಿನವೇ ಬಾಯಿ ಬಿಡಬಹುದಿತ್ತು. ಅಜೆಂಡಾದಲ್ಲಿ ಆ ವಿಷಯ ಬರಲಿ, ಆಗ ಹೇಳಿದರಾಯಿತು ಎಂದುಕೊಂಡಳು. ಅಂದುಕೊಳ್ಳುತ್ತ ಇನ್ನೆರಡು ಸಭೆ ಕಳೆದವು. ಮನಸ್ಸು ಇಷ್ಟು ನಿಯಮಬದ್ಧವಾಗಿ ಅಜೆಂಡಾವನ್ನು ಗೌರವಿಸಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲು.

ಸಭೆ ಗುಡ್ಡದ ಶಾಲೆಯ ಗ್ರಂಥಾಲಯದಲ್ಲಿ, ಸಂಜೆ ಐದೂವರೆಗೆ. ಏಪ್ರಿಲ್ ತಿಂಗಳು, ಹೊರಗೆ ಬಿಸಿಲು ಇನ್ನೂ ಹೊಳೆಯುತ್ತಿತ್ತು. ಕಾರಿನಲ್ಲಿ ಬರುವಾಗ ಶರೀಸ್ ಶಾಲೆಯಲ್ಲಿ ಉಳಿದ ಪಿಜ್ಜಾದ ಕತೆ ಹೇಳುತ್ತಿದ್ದಳು. ಬಾಗಿಲು ದಾಟಿ ಹೊಸ ಕಾರ್ಪೆಟ್ಟಿನ ವಾಸನೆ ಬಡಿದದ್ದೇ ಸುಮ್ಮನಾದಳು. ಕಿಟಕಿಯ ಅಂಚಿನಲ್ಲಿ ಮಕ್ಕಳು ಬೆಳೆಸಿದ ಬೀನ್ಸ್ ಗಿಡಗಳು ಸಾಲಾಗಿದ್ದವು, ಪ್ರತಿ ಕುಂಡಕ್ಕೂ ಒಂದು ಹೆಸರು, ಪ್ರತಿ ಹೆಸರಿನ ಕೆಳಗೆ ವಾರವಾರದ ಅಳತೆ. ಲವಿನಿಯಾ ಅದರಲ್ಲೊಂದನ್ನು ಓದಿದಳು: 'ನನ್ನ ಗಿಡ ಬೆಳಕಿನ ಕಡೆ ಬಾಗುತ್ತಿದೆ. ಯಾಕೆ ಎಂದು ನಾನು ಮಿಸೆಸ್ ಡೋರ್ಸಿಯವರನ್ನು ಕೇಳಿದೆ.' ಕೇಳಿದೆ. ಆ ಒಂದು ಶಬ್ದದ ಹತ್ತಿರ ಅವಳು ಬಹಳ ಹೊತ್ತು ನಿಂತಳು. ಮಕ್ಕಳ ಕುರ್ಚಿಗಳಾದ್ದರಿಂದ ದೊಡ್ಡವರೆಲ್ಲ ಮೊಣಕಾಲು ಎದೆಗೆ ಬಂದಂತೆ ಕೂತಿದ್ದರು. ಅವಳ ಎದುರಿನ ಹೆಸರಿನ ಚೀಟಿಯಲ್ಲಿ ಆರನೇ ಸಭೆಯಲ್ಲೂ 'ಲೋರೆಟಾ' ಎಂದೇ ಇತ್ತು. ಮೊದಲ ಸಲ ಹೇಳಿದ್ದಳು, ಕ್ಷಮೆ ಕೇಳಿದರು. ಎರಡನೇ ಸಲ ಹೇಳಿದ್ದಳು, ಇನ್ನೂ ಮೆತ್ತಗೆ ಕ್ಷಮೆ ಕೇಳಿದರು. ಆಮೇಲೆ ಅವಳು ಲೋರೆಟಾ ಆಗಿಯೇ ಕೂತಳು. ಪಕ್ಕದ ಕುರ್ಚಿಯ ಪ್ರೆಸ್ಕಾಟ್, ಗುಡ್ಡದ ಹಲ್ಲಿನ ವೈದ್ಯ, ಬಾಗಿ ಪಿಸುಗುಟ್ಟಿದ: "ನಿಮ್ಮ ಕಡೆಯವರಿಗೂ ಒಳ್ಳೇದಾಗ್ತಿದೆ ಅಂತ ನಮಗೆಲ್ಲ ಸಂತೋಷ, ನಿಜವಾಗ್ಲೂ." ಮೂವತ್ತೆಂಟು ಮಕ್ಕಳನ್ನು ತೆಗೆದುಕೊಂಡರೆ ಗುಡ್ಡ ತನ್ನ ಪಾಲು ಸಲ್ಲಿಸಿದಂತೆ, ಇನ್ನು ಹತ್ತು ವರ್ಷ ಯಾರೂ ಅದನ್ನು ಮುಟ್ಟುವುದಿಲ್ಲ ಎಂಬುದು ಆ ಸಂತೋಷದ ಒಳಗಿತ್ತು. ಲವಿನಿಯಾ "ಥ್ಯಾಂಕ್ಸ್" ಎಂದಳು. ಯಾಕೆ ಎಂದಳೋ. ನಾಲಿಗೆ ತಾನೇ ಎದ್ದು ಹೇಳಿಬಿಟ್ಟಿತ್ತು.

ಸಭೆ ನಡೆಸುವ ಡಾಕ್ಟರ್ ಲಿಂಡ್‌ಕ್ವಿಸ್ಟ್ ಮೃದುವಾದ ಹೆಂಗಸು, ಹೊರಗಿನ ಊರಿನವಳು, ಬೆಳಕಿನ ಕಡ್ಡಿಯಿಂದ ನಕ್ಷೆಯನ್ನು ತಟ್ಟುತ್ತ ಹೋದಳು. ಲವಿನಿಯಾಳಿಗೆ ಮಾತುಗಳು ದೂರದಿಂದ ಕೇಳುತ್ತಿದ್ದವು. ಹಿಂದೆ ಗೋಡೆಗೊರಗಿದ ಕುರ್ಚಿಯಲ್ಲಿ ಶರೀಸ್ ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಚರ್ಚಿನಲ್ಲಿ ಕೂತಂತೆ ನೆಟ್ಟಗೆ ಕೂತಿದ್ದಳು, ಹಣೆಯ ಮೇಲೆ ಬಲೆಯ ಗುರುತು ಇನ್ನೂ ಹೋಗಿರಲಿಲ್ಲ. ಇವಳು ನನ್ನನ್ನು ಯಾವತ್ತಾದರೂ ಕ್ಷಮಿಸಿದ್ದಳೇ? ಚೀಲ ಹಿಡಿದುಕೊಂಡು ಮನೆಗೆ ಹೋದ ಮರುದಿನವೇ ಮೆಟ್ಟಿಲ ಮೇಲೆ ಬಂದು ಕೂತವಳು. ಬೈಯಲಿಲ್ಲ. "ಅವನಿಗೆ ಯಾಕೆ ಹೇಳ್ದೆ?" ಎಂದು ಕೇಳಿದ್ದಳು, ಅಷ್ಟೇ, ನಿಜಕ್ಕೂ ತಿಳಿಯದೆ ಕೇಳುವಂತೆ. ಕೋಪಿಸಿಕೊಂಡಿದ್ದರೆ ಸಾಲ ತೀರುತ್ತಿತ್ತು. ಆಮೇಲೆ ಶರೀಸ್ ಗೆರೆಯಾಚೆಯ ಶಾಲೆಯಲ್ಲಿ ಓದಿದಳು, ಹತ್ತನೆಯದರಲ್ಲಿ ಬಿಟ್ಟಳು. ಲವಿನಿಯಾ ಪೂರ್ತಿ ಓದಿಯೂ ಬಸ್ಸು ಓಡಿಸುತ್ತಾಳೆ. ಇಬ್ಬರಿಗೂ ವ್ಯತ್ಯಾಸವೇನಾಯಿತು ಎಂದು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಳು. ಆದರೆ ವ್ಯತ್ಯಾಸವಿತ್ತು. ಶರೀಸಳ ಮನೆಗೆ ಬರುವ ಸರಕಾರಿ ಕಾಗದಗಳನ್ನೆಲ್ಲ ಲವಿನಿಯಾಳೇ ಓದಿ ಹೇಳುವುದು. ಓದುವಾಗ ಶರೀಸ್ ಕಿಟಕಿಯ ಕಡೆ ನೋಡುತ್ತಾಳೆ. ಜನೇ ಭಿನ್ನರಾಶಿಗೆ ಬಣ್ಣ ಹಚ್ಚುತ್ತಿದ್ದಾಳೆ, ನೋಯೆಲ್ ಕೂಡ. ಒಬ್ಬಳನ್ನಾದರೂ ದಡ ಸೇರಿಸಿದರೆ ತಪ್ಪೇನು? ಇಬ್ಬರೂ ಮುಳುಗಿದರೆ ಯಾರಿಗೆ ಪುಣ್ಯ? ತಾಯಂದಿರೆಲ್ಲ ಹೀಗೆಯೇ ಯೋಚಿಸುತ್ತಾರೆ, ಹಳದಿ ಅಂಗಿಯವರೂ ಹೀಗೆಯೇ ಯೋಚಿಸಿರಬೇಕು ಎಂದು ಹೊಳೆದಾಗ ಅವಳಿಗೆ ಅಲ್ಲಿ ಕೂತಿದ್ದ ಎಲ್ಲರ ಮೇಲೂ, ತನ್ನ ಮೇಲೂ, ಹೇಸಿಗೆಯಾಯಿತು.

"ಮಿಸೆಸ್ ಟಾಲ್ಬರ್ಟ್?" ಡಾಕ್ಟರ್ ಲಿಂಡ್‌ಕ್ವಿಸ್ಟ್ ಲವಿನಿಯಾಳನ್ನು ಎರಡನೇ ಸಲ ಕರೆಯುತ್ತಿದ್ದಳು. "ಪೆಲ್ಹಾಮ್ ಬೀದಿಯ ವಿಷಯ. ನಮ್ಮ ಹತ್ತಿರ ಇರೋದು ನಾಲ್ಕು ವರ್ಷದ ಹಿಂದಿನ ನಿಮ್ಮ ಅರ್ಜಿ. ಆ ದಾರೀಲಿ ದಿನಾ ಬಸ್ಸು ಓಡಿಸೋರು ನೀವು. ಅದು ಇವತ್ತಿಗೂ ಸರಿಯಾ?" ಎಲ್ಲರೂ ಅವಳ ಕಡೆ ತಿರುಗಿದರು. ಟ್ಯಾನರ್ಸ್ ರೋಡಿನ ಪರವಾಗಿ ಕೂತಿದ್ದ ಮುದಿ ಪಾದ್ರಿ ಗೇಟ್‌ವುಡ್, "ಅಲ್ಲೀಗ ದೀಪ ಇದೆಯಲ್ಲವಾ ತಂಗಿ?" ಎಂದ. ಒಳ್ಳೆಯ ಮನುಷ್ಯ, ಬಾಗಿಲನ್ನು ಅರ್ಧ ತೆರೆದುಕೊಟ್ಟಿದ್ದ. ಹೌದು ಎಂದರೆ ಮುಗಿಯಿತು. ಲವಿನಿಯಾಳ ಕಣ್ಣಿಗೆ ಓಝೆಲ್ ಕಂಡ, ಫಲಕ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮಕ್ಕಳನ್ನು ಹೆಬ್ಬಾತುಗಳಂತೆ ಹಾಯಿಸುವ ಓಝೆಲ್. ಹಿಂದಿನ ಗೋಡೆಯ ಕಡೆ ಅವಳು ನೋಡಲಿಲ್ಲ.

"ದೀಪ ಇದೆ ರೆವರೆಂಡ್," ಎಂದಳು. ತನ್ನ ದನಿ ಅಷ್ಟು ಸಹಜವಾಗಿ ಬಂದದ್ದು ಅವಳಿಗೇ ಆಶ್ಚರ್ಯವಾಯಿತು. "ದೀಪ ಇದ್ರೆ ಏನಾಯ್ತು, ಲಾರಿಯವರು ನಿಲ್ಲಿಸಲ್ಲ. ನಾನು ದಿನಾ ನೋಡ್ತೀನಿ. ಮಕ್ಕಳು ದಾಟೋ ಬೀದಿ ಅಲ್ಲ ಅದು."

"ಅಂದ್ರೆ ಅರ್ಜಿ ಹಾಗೇ ಇರಲಿ ಅಂತೀರಾ?"

"ಹಾಗೇ ಇರಲಿ."

ಡಾಕ್ಟರ್ ಲಿಂಡ್‌ಕ್ವಿಸ್ಟ್ ಏನೋ ಬರೆದುಕೊಂಡು, "ಪ್ರತ್ಯಕ್ಷ ಅನುಭವಕ್ಕಿಂತ ದೊಡ್ಡ ಮಾಹಿತಿ ಇಲ್ಲ" ಎಂದು ಕೃತಜ್ಞತೆಯಿಂದ ನಕ್ಕಳು. ಪಾದ್ರಿ ಮಾತ್ರ ಕನ್ನಡಕ ತೆಗೆದು ಒರೆಸುತ್ತ, ಮತ್ತೆ ಹಾಕಿಕೊಳ್ಳದೆ ಕೂತ. ಪೆಲ್ಹಾಮ್ ಬೀದಿಯಲ್ಲಿ ಗೆರೆ ಎಳೆಯುವುದಕ್ಕೆ ಕೈ ಎತ್ತಿಸಿದರು. ಹದಿನಾಲ್ಕು ಕೈ ಪರ, ಆರು ವಿರುದ್ಧ. ಹದಿನಾಲ್ಕರಲ್ಲಿ ಲವಿನಿಯಾಳದೂ ಒಂದು. ಅದು ಮೇಲೆ ಹೋದದ್ದು ಅವಳಿಗೆ ತಿಳಿಯಿತು, ಕೆಳಗೆ ಇಳಿದದ್ದು ನೆನಪಿಲ್ಲ. ಪ್ರೆಸ್ಕಾಟ್ ಅವಳ ಭುಜ ತಟ್ಟಿ, "ವೆಲ್‌ಕಮ್, ಲೋರೆಟಾ" ಎಂದ.

ಕಾರಿನ ಹತ್ತಿರ ಶರೀಸ್ ಮೊದಲೇ ಬಂದು ನಿಂತಿದ್ದಳು. ಆ ಗುಡ್ಡದ ಮೇಲೆ ಊರ ಬಸ್ಸು ಓಡುವುದಿಲ್ಲ, ಮನೆ ಐದು ಮೈಲಿ. ಇಬ್ಬರೂ ಒಂದೇ ಕಾರಿನಲ್ಲಿ ಬಂದವರು, ಒಂದೇ ಕಾರಿನಲ್ಲಿ ಹೋಗಬೇಕು. ಮನೆಗೆ ಮರಳುವ ದಾರಿಯನ್ನು ಯೋಚಿಸದೆ ಸುಳ್ಳು ಹೇಳಿದ್ದೆನಲ್ಲ ಎಂಬ ವಿಚಿತ್ರವಾದ, ಸಣ್ಣ ಮನೆವಾರ್ತೆಯ ಪಶ್ಚಾತ್ತಾಪವೇ ಲವಿನಿಯಾಳಿಗೆ ಮೊದಲು ಆದದ್ದು. ದೊಡ್ಡದು ಹಿಂದೆಲ್ಲೋ ಸರದಿ ಕಾಯುತ್ತಿತ್ತು. ಶರೀಸ್ ಸೀಟಿನ ಪಟ್ಟಿ ಕಟ್ಟಿಕೊಂಡಳು. ಗುಡ್ಡ ಇಳಿದರು. ಹುಲ್ಲು ಕತ್ತರಿಸುವ ಯಂತ್ರಗಳ ಸದ್ದು ಕಡಿಮೆಯಾಗುತ್ತ ಬಂತು, ಹಳೆ ಕಾರುಗಳು, ಟೈರ್ ಅಂಗಡಿ, ಕೋಳಿ ಕರಿಯುವ ವಾಸನೆ ಶುರುವಾದವು. ಲವಿನಿಯಾ, "ಶರೀಸ್, ನೋಯೆಲ್ ಏನೂ ಕೇಳೋದನ್ನೇ ಬಿಟ್ಟಿದಾಳೆ ಕಣೇ" ಎಂದಳು. ಅದು ಕಾರಣವೂ ಅಲ್ಲ, ಕ್ಷಮೆಯೂ ಅಲ್ಲ, ಅವಳ ಹತ್ತಿರ ಇದ್ದದ್ದು ಅಷ್ಟೇ. ಶರೀಸ್ ಕಿಟಕಿಯ ಕಡೆ ತಿರುಗಿದಳು. ಆಮೇಲೆ, ಯಾವ ಏರಿಳಿತವೂ ಇಲ್ಲದೆ, "ಜನೇನೂ" ಎಂದಳು.

ಲವಿನಿಯಾಳ ಕಟ್ಟಡದ ಮುಂದೆ ಕಾರು ನಿಂತಿತು. ಶರೀಸ್ ಇಳಿದು, ಬಾಗಿಲು ಹಿಡಿದುಕೊಂಡೇ ಬಾಗಿ, "ಸೋಮವಾರ ಜನೇ ಬಸ್ಸಿಗೆ ಬರಲ್ಲ. ಹಲ್ಲು ತೋರಿಸ್ಬೇಕು. ಕಾಯ್ಬೇಡ" ಎಂದಳು. ಬಾಗಿಲನ್ನು ಮೆಲ್ಲಗೆ, ಪೂರ್ತಿ ಮುಚ್ಚಿದಳು, ಬಡಿಯಲಿಲ್ಲ. ಸಿಗ್ನಲ್ ಕಂಬದ ಗುಂಡಿ ಒತ್ತಿ ನಿಂತಳು. ಎರಡು ಕಡೆಯ ಕಾರುಗಳೂ ಒಂದು ಬಿಯರ್ ಲಾರಿಯೂ ನಿಂತವು. ಬಿಳಿ ಪಟ್ಟಿಗಳ ಮೇಲೆ, ಅವಸರವಿಲ್ಲದೆ, ಕೈಚೀಲ ಮೊಣಕೈಗೆ ಸಿಕ್ಕಿಸಿಕೊಂಡು ಅವಳು ಆಚೆಗೆ ಹೋದಳು. ನಡುವೆ ಎದುರಿನಿಂದ ಇಬ್ಬರು ಚಿಕ್ಕ ಹುಡುಗಿಯರು ಐಸ್‌ಕ್ಯಾಂಡಿ ಚೀಪುತ್ತ ದಾಟಿಕೊಂಡು ಈಚೆ ಬಂದರು. ಮೇಲೆ ಮೂರನೇ ಅಂತಸ್ತಿನ ಕಿಟಕಿಯಿಂದ ನೋಯೆಲ್, "ಅಮ್ಮಾ, ಏನಾಯ್ತು?" ಎಂದು ಕೂಗಿ ಕೇಳಿದಳು. ಎಷ್ಟೋ ತಿಂಗಳ ಮೇಲೆ ಅವಳು ಕೇಳಿದ ಪ್ರಶ್ನೆ ಅದು. ಲವಿನಿಯಾ ಕಾರಿನಲ್ಲೇ ಕೂತಿದ್ದಳು.

ಇಪ್ಪತ್ತೊಂಬತ್ತು ವರ್ಷ ಉಳಿಸಿಕೊಂಡಿದ್ದ ಮಾತನ್ನು ಅವಳು ಆ ಗುರುವಾರ ಸಂಜೆ ಮುರಿದಳು.